ಕೋಟೆ ಆಚೆ, ಭಾಷಣ ಈಚೆ

ನವೆಂಬರ್ 1 ಬಂತು ಅಂದ್ರೆ ಕಾಸರಗೋಡಿನ ಚಂದ್ರಗಿರಿ ಹೊಳೆಗೆ ಬೆಂಗಳೂರಿನ ವೇದಿಕೆಗಳ ಮೇಲೆ ನೆರೆ ಬರುತ್ತದೆ. ಹೊಳೆಯ ಉತ್ತರಕ್ಕಿರುವುದೆಲ್ಲ ನಮ್ಮದು, ಗಡಿ ಆಯೋಗದ 1967ರ ಮಹಾಜನ ವರದಿಯೇ ಅಂತಿಮ! ಚಪ್ಪಾಳೆ. ಅತ್ತ ಹೊಳೆಯ ದಡದಲ್ಲಿ ಅದೇ ದಿನ ಕೇರಳದವರ ಹುಟ್ಟುಹಬ್ಬ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದದ್ದೂ ಅದೇ ತಾರೀಕು, ಅಲ್ವಾ.

ಕೆಳದಿಯ ಅರಸ ಶಿವಪ್ಪ ನಾಯಕರಿಗೂ ಜೈಕಾರ ಬೀಳುತ್ತದೆ. ಬೀಳಲಿ. ಆದರೆ 17ನೇ ಶತಮಾನದಲ್ಲಿ ಆ ಪುಣ್ಯಾತ್ಮರು ಚಂದ್ರಗಿರಿ ಕೋಟೆ ಕಟ್ಟಿಸಿದ್ದು ಹೊಳೆ ದಾಟಿ, ದಕ್ಷಿಣದ ದಡದಲ್ಲಿ. ಹೊಳೆ ತುಳುನಾಡಿಗೂ ಮಲಯಾಳಕ್ಕೂ ಗಡಿ ಅನ್ನುವ ಮಾತು ಹಳೆಯದೇ, ನಾಯಕರು ಅದಕ್ಕೆ ಸೊಪ್ಪು ಹಾಕಲಿಲ್ಲ. 1967ರ ವರದಿ ನಾಳೆಯೇ ಜಾರಿಯಾದರೂ ಅವರ ಕೋಟೆ ಕೇರಳಕ್ಕೇ. ಅವರಿಗೆ ಜೈ ಅಂದು ಅವರ ಕೋಟೆಯನ್ನೇ ಬಿಟ್ಟುಕೊಡುವ ಇಂಥ ಅಭಿಮಾನ ಎಲ್ಲರಿಗೂ ಬರುವುದಿಲ್ಲ ಬಿಡಿ.

ಈ ಹೊಳೆಯಲ್ಲೊಂದು ಆಮೆ ಇದೆ. ದೈತ್ಯ ಮೃದುಚಿಪ್ಪಿನ ಆಮೆ, ಅಲ್ಲಿಯವರ ಬಾಯಲ್ಲಿ ಭೀಮನಾಮ. ಅಳಿವಿನಂಚಿನಲ್ಲಿರುವ ಜೀವಿ. ಆಯುಷ್ಯದ ಬಹುಪಾಲು ಮರಳಿನಡಿ ಅಲುಗಾಡದೆ ಬಿದ್ದಿರುತ್ತದೆ, ದಿನಕ್ಕೆ ಎರಡು ಸಲ ಉಸಿರಿಗೆ ಮೇಲೆ ಬರುತ್ತದಂತೆ. ಓದಿದ ಕೂಡಲೇ ನನಗೆ ವರದಿಯ ನೆನಪಾಯಿತು. ಛೇ, ಆಮೆಗೆ ಅವಮಾನ. ಅದು ದಿನಕ್ಕೆ ಎರಡು ಸಲ ಬರುತ್ತದೆ, ವರದಿ ವರ್ಷಕ್ಕೊಮ್ಮೆ. ಈಗ ಆಮೆಯ ಹಾಸಿಗೆಯನ್ನೇ ರಾತ್ರಿ ಲಾರಿಗೆ ತುಂಬುತ್ತಾರೆ. ಮರಳು ಕದಿಯುವವರಿಗೆ ಉತ್ತರ ದಡ, ದಕ್ಷಿಣ ದಡ ಎಂಬ ಭೇದವೇ ಇಲ್ಲ. ನಿಜವಾದ ಭಾವೈಕ್ಯ!

ಕೊಡಗಿನಿಂದ ಸುಳ್ಯಕ್ಕೆ ಇಳಿಯುವಾಗ ಇದೇ ನೀರಿಗೆ ಪಯಸ್ವಿನಿ ಅಂತ ಹೆಸರು. ಹಾಲಿನ ಹೊಳೆ. ಕಾಸರಗೋಡಿನ ನಲ್ಲಿಗೆ ಬರುವಷ್ಟರಲ್ಲಿ ಬೇಸಿಗೆಯಲ್ಲಿ ಅದು ಉಪ್ಪು ನೀರಾಗುತ್ತಿತ್ತು. ಸಮುದ್ರ ಹೊಳೆಯೊಳಗೆ ಏರುತ್ತಿತ್ತಲ್ಲ. ಕುಡಿಯುವ ನೀರೆತ್ತುವ ಬಾವಿಕ್ಕರದಲ್ಲಿ ಮರಳಿನ ಚೀಲ ಪೇರಿಸಿ ಕಟ್ಟ ಕಟ್ಟುವುದು, ಮಳೆಗೆ ಅದು ತೊಳೆದು ಹೋಗುವುದು, ಮತ್ತೆ ಕಟ್ಟುವುದು, ವರ್ಷಗಟ್ಟಲೆ ಇದೇ ನಡೆದಿತ್ತು. ಕಾಯಂ ತಡೆ ಆಗುವ ಹೊತ್ತಿಗೆ ಒಂದು ತಲೆಮಾರು ಗಂಜಿಗೆ ಉಪ್ಪು ಹಾಕುವುದನ್ನೇ ಮರೆತಿರಬೇಕು. ಆ ಉಪ್ಪಿನ ಬಗ್ಗೆ ಇಲ್ಲಿ ಒಬ್ಬರೂ ಭಾಷಣ ಮಾಡಿದ್ದು ನಾನು ಕೇಳಿಲ್ಲ. ನೀರು ಕನ್ನಡದಲ್ಲಿ ಉಪ್ಪಾಗಿತ್ತೋ ಮಲಯಾಳದಲ್ಲೋ ಗೊತ್ತಾಗದೆ ಸುಮ್ಮನಿದ್ದರೇನೋ.

ಸಾಕು ಮಾರಾಯ್ರೆ, ತಮಾಷೆಯೂ ಬೇಸರ ತರಿಸುತ್ತದೆ. ಅಲ್ಲಿಯ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದರು ಅಂತ ಮಕ್ಕಳು, ಹೆತ್ತವರು ಗೇಟಿನ ಮುಂದೆ ಕೂತರು. ಲೆಕ್ಕದ ಪಾಠ ಅರ್ಥವಾಗದೆ ಕೂತ ಮಕ್ಕಳವು. ಅದು ಜೂನ್ ತಿಂಗಳಲ್ಲಿ ಆದರೆ ಯಾರು ಕೇಳುತ್ತಾರೆ, ಮೈಕಿನವರಿಗೆ ಬುಕಿಂಗ್ ಇರುವುದು ನವೆಂಬರಿಗೆ.