ಒಂದು ಒಲೆಯಿದ್ದ ಮನೆಯಲ್ಲಿ ಈಗ ನಾಲ್ಕು ಒಲೆ

ಹುಬ್ಬಳ್ಳಿಯಲ್ಲಿ ಜನ ವಿಪರೀತ ಹೆಚ್ಚಿದ್ದಾರೆ, ಅದಕ್ಕೇ ಪೇಟೆಯೊಳಗೆ ಕಾಲಿಡಲು ಆಗುವುದಿಲ್ಲ ಎಂಬ ಮಾತನ್ನು ಈಚೆಗೆ ಹಲವರ ಬಾಯಲ್ಲಿ ಕೇಳುತ್ತಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರು ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆಯ ಕಡೆಯವರು; ಹಬ್ಬದ ಸಂತೆಗೋ ಮದುವೆಯ ಜವಳಿಗೋ ಬಂದು, ಗಾಡಿ ನಿಲ್ಲಿಸಲು ಜಾಗ ಸಿಗದೆ ಬೇಸತ್ತು ಮರಳುವವರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಹಳೆಯ ಪೇಟೆಯ ದುರ್ಗದಬೈಲಿನ ಹಿಂದಿನ ಓಣಿಯೊಂದರಲ್ಲಿ ಹುಟ್ಟಿ, ಐವತ್ತು ವರ್ಷ ಅಲ್ಲೇ ಕಳೆದ ನನಗೆ ಅವರು ಕೊಡುವ ಕಾರಣ ಸರಿಯೆನಿಸುವುದಿಲ್ಲ. ನಮ್ಮ ಮನೆಯಲ್ಲಿ ಜನ ಹೆಚ್ಚಿಲ್ಲ, ಕಡಿಮೆಯಾಗಿದ್ದಾರೆ. ಆದರೂ ಅಂದಿಗಿಂತ ಇಂದು ಉಸಿರುಗಟ್ಟುತ್ತದೆ. ಇದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿದೆ.

1985ರ ಸುಮಾರಿಗೆ ನಮ್ಮ ಮನೆಯಲ್ಲಿ ಹದಿನಾರು ಜನ ಇದ್ದೆವು. ಅಜ್ಜ, ಅಜ್ಜಿ, ಅಪ್ಪ, ಅವ್ವ, ಇಬ್ಬರು ಕಾಕಂದಿರು, ಅವರ ಹೆಂಡಂದಿರು, ಎಂಟು ಮಂದಿ ಮಕ್ಕಳು. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲಿನಲ್ಲಿ ಸಿಹಿನೀರಿನ ಬಾವಿ, ಬಚ್ಚಲು. ಒಲೆ ಒಂದೇ. ನಳ ಒಂದೇ. ವಾಹನವೆಂದರೆ ಅಜ್ಜನ ಸೈಕಲ್ಲು. ಅದು ರಾತ್ರಿ ಪಡಸಾಲೆಯ ಕಂಬಕ್ಕೆ ಒರಗಿ ನಿಲ್ಲುತ್ತಿತ್ತು.

ಅಜ್ಜ ತೀರಿಕೊಂಡ ಮೇಲೆ ವಾಟ್ನಿ, ಅಂದರೆ ಮನೆಯ ಪಾಲು, ಆಯಿತು. ಜಗಳವೇನೂ ಆಗಲಿಲ್ಲ, ಹಿರಿಯರು ಕೂತು ಹಗ್ಗ ಹಿಡಿದು ಅಳೆದರು, ಪಡಸಾಲೆಯ ನಡುವೆ ಎರಡು ಗೋಡೆಗಳು ಎದ್ದವು. ಮೂರು ಭಾಗವಾದ ಮನೆಗೆ ಮೂರು ಬಾಗಿಲು ಬೇಕಾದವು, ಮೂರು ಬಾಗಿಲಿಗೆ ಜಾಗ ಮಾಡಲು ಕಟ್ಟೆ ಹೋಯಿತು. ಹಿತ್ತಲಿನ ಬಾವಿಯನ್ನು ಚಪ್ಪಡಿ ಹಾಕಿ ಮುಚ್ಚಿ ಅದರ ಮೇಲೆ ನಮ್ಮ ಪಾಲಿನ ಅಡುಗೆಮನೆ ಬಂತು. ಮುಂದೆ ಮೇಲೊಂದು ಅಂತಸ್ತು ಕಟ್ಟಿಸಿದೆವು. ಮೆಟ್ಟಿಲಿಗೆ ಒಳಗೆ ಜಾಗವಿಲ್ಲದ್ದರಿಂದ ಅದು ಓಣಿಯ ಕಡೆಗೆ ಎರಡೂವರೆ ಅಡಿ ಚಾಚಿತು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು, ಏಕೆಂದರೆ ಓಣಿ ಕಿರಿದಾದದ್ದರಲ್ಲಿ ನಮ್ಮ ಎರಡೂವರೆ ಅಡಿಯೂ ಸೇರಿದೆ.

ಇಂದು ಅದೇ ಜಾಗದಲ್ಲಿ ಇರುವವರು ಹದಿನಾಲ್ಕು ಜನ. ನಾವು ನಾಲ್ವರು, ದೊಡ್ಡ ಕಾಕನ ಕಡೆ ನಾಲ್ವರು, ಸಣ್ಣ ಕಾಕನ ಕಡೆ ಮೂವರು, ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗರು ಮೂವರು. ಅಂದಿಗಿಂತ ಇಬ್ಬರು ಕಡಿಮೆಯೇ. ಆದರೆ ಒಲೆ ನಾಲ್ಕಾಗಿವೆ, ವಿದ್ಯುತ್ ಮೀಟರು ನಾಲ್ಕು, ನಳದ ಜೋಡಣೆ ಮೂರು, ನೀರೆಳೆಯುವ ಮೋಟಾರು ಮೂರು, ಮಾಳಿಗೆಯ ಮೇಲೆ ಸಿಂಟೆಕ್ಸ್ ನಾಲ್ಕು, ಬಾಗಿಲ ಮುಂದೆ ನಿಲ್ಲುವ ದ್ವಿಚಕ್ರ ವಾಹನ ಏಳು. ಓಣಿಯ ಕೆಳಗಿನ ಒಳಚರಂಡಿಯ ಕೊಳವೆ ಮಾತ್ರ ಅಂದಿನದೇ. ಜನಗಣತಿಯವರ ವ್ಯಾಖ್ಯೆಯಂತೆ ಒಂದೇ ಅಡುಗೆಮನೆಯಲ್ಲಿ ಬೆಂದದ್ದನ್ನು ಉಣ್ಣುತ್ತ ಜೊತೆಗೆ ವಾಸಿಸುವವರು ಒಂದು ಕುಟುಂಬ. ಆ ಲೆಕ್ಕದಲ್ಲಿ ನಮ್ಮ ಮನೆ ಒಂದು ಕುಟುಂಬದಿಂದ ನಾಲ್ಕು ಕುಟುಂಬವಾಗಿದೆ. ಒಳಪೇಟೆಯ ಹೊರೆ ತಲೆಯೆಣಿಕೆಯಿಂದ ತಿಳಿಯುವುದಿಲ್ಲ, ಒಲೆಯೆಣಿಕೆಯಿಂದ ತಿಳಿಯುತ್ತದೆ ಎಂಬುದು ನನ್ನ ವಾದ.

ಹಾಗೆಂದು ನಗರ ಬೆಳೆದಿಲ್ಲ ಎಂದು ನಾನು ಹೇಳುತ್ತಿಲ್ಲ. 1991ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಜನಸಂಖ್ಯೆ ಸುಮಾರು 6.48 ಲಕ್ಷವಿತ್ತು; 2001ರಲ್ಲಿ 7.86 ಲಕ್ಷ, 2011ರಲ್ಲಿ 9.44 ಲಕ್ಷ. ಎರಡೂ ದಶಕಗಳಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಏರಿಕೆ. ಆದರೆ ಈ ಏರಿಕೆಯ ಬಹುಪಾಲನ್ನು ಹೊತ್ತದ್ದು ಹೊರಗಿನ ಹೊಸ ಬಡಾವಣೆಗಳು. ಇನ್ನು ಹೆಚ್ಚು ಮಕ್ಕಳನ್ನು ಹೆರುವುದರಿಂದ ಹೀಗಾಗಿದೆ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆಯ ದರ, ಅಂದರೆ ಒಬ್ಬ ಹೆಣ್ಣುಮಗಳು ಸರಾಸರಿ ಹೆರುವ ಮಕ್ಕಳ ಸಂಖ್ಯೆ, 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬಬೇಕಾದರೆ ಈ ದರ 2.1ರ ಆಸುಪಾಸಿನಲ್ಲಿರಬೇಕು, ನಾವು ಅದಕ್ಕಿಂತ ಸಾಕಷ್ಟು ಕೆಳಗಿದ್ದೇವೆ. ನಮ್ಮ ಮನೆಯಲ್ಲಿ ಅಂದು ಎಂಟು ಮಕ್ಕಳಿದ್ದರು, ಇಂದು ಮೂವರಿದ್ದಾರೆ. ನಗರ ಬೆಳೆಯುತ್ತಿರುವುದು ಹೊರಗಿನಿಂದ ದುಡಿಯಲು, ಓದಲು ಬರುವವರಿಂದ, ಮತ್ತು ಇದ್ದ ಮನೆಗಳು ಒಡೆದು ಚಿಕ್ಕಚಿಕ್ಕ ಮನೆಗಳಾಗುವುದರಿಂದ.

ಈ ಪೇಟೆ ಯಾವುದಕ್ಕಾಗಿ ಕಟ್ಟಿದ್ದು ಎಂಬುದನ್ನೂ ನೆನೆಯಬೇಕು. ಹದಿನೆಂಟನೆಯ ಶತಮಾನದಲ್ಲಿ ಸವಣೂರು ನವಾಬರ ಕಾಲಕ್ಕೆ ಬಸಪ್ಪ ಶೆಟ್ಟರು ಈಗಿನ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಕಂಚಗಾರ ಗಲ್ಲಿ, ಜವಳಿ ಸಾಲು, ಮೇದಾರ ಓಣಿ ಎಂಬ ಹೆಸರುಗಳಲ್ಲೇ ಯಾರು ಯಾವ ಕಸುಬು ಮಾಡುತ್ತಿದ್ದರೆಂಬುದು ಉಳಿದಿದೆ. ಈ ಓಣಿಗಳ ಅಗಲ ಒಂದು ಚಕ್ಕಡಿ ಹೋಗುವಷ್ಟು, ಎದುರಿನಿಂದ ಇನ್ನೊಂದು ಬಂದರೆ ಯಾರಾದರೊಬ್ಬರು ಹಿಂದೆ ಸರಿಯುವಷ್ಟು. 1880ರ ದಶಕದಲ್ಲಿ ರೈಲು ಬಂತು, ಹತ್ತಿಯ ವ್ಯಾಪಾರ ಬೆಳೆಯಿತು, ಆದರೂ 1901ರಲ್ಲಿ ಹುಬ್ಬಳ್ಳಿಯ ಜನ ಅರವತ್ತು ಸಾವಿರದ ಸುಮಾರು ಮಾತ್ರ. ಅಂದಿನ ಓಣಿಯ ಅಗಲವೇ ಇಂದಿಗೂ ಉಳಿದಿದೆ, ಅಥವಾ ನಮ್ಮಂಥವರ ಮೆಟ್ಟಿಲುಗಳಿಂದಾಗಿ ಇನ್ನೂ ಕುಗ್ಗಿದೆ.

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ಸಣ್ಣ ಕಾಕನ ಹೆಂಡತಿ, ನಮ್ಮ ಕಾಕುವಿಗೆ ಎದೆನೋವು ಕಾಣಿಸಿಕೊಂಡಿತು. ಆ್ಯಂಬುಲೆನ್ಸ್ ಕರೆದದ್ದೇ ತಡ ಬಂತು ಎನ್ನಬೇಕು, ಅಷ್ಟು ಬೇಗ ಬಂದಿತ್ತು. ಆದರೆ ನಿಂತದ್ದು ಓಣಿಯ ಬಾಯಲ್ಲಿ. ನಮ್ಮ ಮನೆಗೂ ಅದಕ್ಕೂ ನಡುವೆ ಇನ್ನೂರು ಹೆಜ್ಜೆ. ಎರಡೂ ಬದಿಗೆ ದ್ವಿಚಕ್ರ ವಾಹನಗಳ ಸಾಲು, ನಡುವೆ ಗೋದಾಮೊಂದರ ಮುಂದೆ ಮಾಲು ಇಳಿಸುತ್ತಿದ್ದ ಟಂಟಂ. ಸ್ಟ್ರೆಚರ್ ಬರುವುದು ಸಾಧ್ಯವೇ ಇರಲಿಲ್ಲ. ಕೊನೆಗೆ ಕಾಕುವನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ನಾನು, ಕಾಕನ ಮಗ, ಮೇಲಿನ ಕೋಣೆಯ ಇಬ್ಬರು ಹುಡುಗರು ಎತ್ತಿಕೊಂಡು ನಡೆದೆವು. ಮಾಲು ಇಳಿಸುತ್ತಿದ್ದ ಹಮಾಲರು ಚೀಲ ಕೆಳಗಿಟ್ಟು ಓಡಿಬಂದು, ಮುಂದಿದ್ದ ಬೈಕುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು ದಾರಿ ಮಾಡಿಕೊಟ್ಟರು. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕಾಕು, ಆ ನೋವಿನಲ್ಲೂ, 'ಮೆಲ್ಲಕ ತಮ್ಮಾ, ನೀವು ಬಿದ್ದೀರಿ' ಎನ್ನುತ್ತಿದ್ದರು. ಅವರು ಉಳಿದರು. ಆದರೆ ಆ ಇನ್ನೂರು ಹೆಜ್ಜೆ ನನಗೆ ಇಂದಿಗೂ ಮರೆತಿಲ್ಲ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಎಲ್ಲಿ ನಿಲ್ಲುತ್ತದೆ ಎಂದು ಆ ರಾತ್ರಿಯಿಂದ ಯೋಚಿಸುತ್ತಲೇ ಇದ್ದೇನೆ.

ನೀರಿನ ಮಾತು ಬೇರೆಯೇ ಇದೆ. ನಮಗೆ ಬರುವುದು ಮಲಪ್ರಭೆಯ ನೀರು, ಸವದತ್ತಿಯ ರೇಣುಕಾಸಾಗರದಿಂದ. ನೀರಸಾಗರ ಕೆರೆಯೂ ಹುಬ್ಬಳ್ಳಿಯ ಹಳೆಯ ಆಸರೆ. 2008ರ ಹೊತ್ತಿಗೆ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ ಜಾರಿಗೆ ಬಂದು, ಅಂಥದ್ದು ಸಾಧ್ಯ ಎಂಬುದನ್ನು ತೋರಿಸಿತು. ನಮ್ಮ ಓಣಿಯಲ್ಲಿ ಇಂದಿಗೂ ವಾರಕ್ಕೊಮ್ಮೆ ನೀರು, ಅದೂ ಎರಡು ಮೂರು ತಾಸು. ನೀರು ಬಂತೆಂದರೆ ಇಡೀ ಓಣಿಯ ಮೋಟಾರುಗಳು ಒಮ್ಮೆಲೇ ಶುರುವಾಗುತ್ತವೆ. ಹದಿನಾರು ಜನರಿದ್ದಾಗ ಒಂದು ನಳದಿಂದ ತುಂಬುತ್ತಿದ್ದ ಹಂಡೆ, ಕೊಡಗಳ ಬದಲು ಈಗ ನಾಲ್ಕು ಸಿಂಟೆಕ್ಸ್ ತುಂಬಬೇಕು, ಏಕೆಂದರೆ ಪ್ರತಿ ಒಲೆಗೂ ಮುಂದಿನ ವಾರದ ಭಯ ಬೇರೆಬೇರೆಯಾಗಿಯೇ ಇರುತ್ತದೆ. ಮೋಟಾರು ಇಲ್ಲದ ಮನೆಗೆ ಹನಿ ನೀರೂ ಏರುವುದಿಲ್ಲ. ನೀರು ನಿಂತ ಮೇಲೆ ಖಾಲಿ ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಎಲ್ಲಿ ಬಿರುಕಿದೆಯೋ ಅಲ್ಲಿ ಪಕ್ಕದ ಗಟಾರದ ನೀರು ಒಳಗೆ ಸೇರುತ್ತದೆ, ಮುಂದಿನ ಬಾರಿ ನಳ ಬಿಟ್ಟಾಗ ಮೊದಲು ಬರುವುದು ಅದೇ. ಅವ್ವ ಈಗಲೂ ಮೊದಲ ಎರಡು ಬಕೀಟು ನೀರನ್ನು ಬಚ್ಚಲು ತೊಳೆಯಲು ತೆಗೆದಿಡುತ್ತಾಳೆ. ಬಾವಿಯನ್ನು ಮುಚ್ಚಿದ್ದು ತಪ್ಪಾಯಿತು ಎಂದು ನನಗೆ ಪ್ರತಿ ಬೇಸಿಗೆಯಲ್ಲೂ ಅನಿಸುತ್ತದೆ.

ಇನ್ನು ಎಲ್ಲಿಯೂ ಲೆಕ್ಕಕ್ಕೆ ಸಿಗದವರಿದ್ದಾರೆ. ಜನಗಣತಿ ಎಣಿಸುವುದು ನಾವು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೇವೆ ಎಂಬುದನ್ನು, ಹಗಲು ಎಲ್ಲಿರುತ್ತೇವೆ ಎಂಬುದನ್ನಲ್ಲ. ಹುಬ್ಬಳ್ಳಿ ಸಗಟು ವ್ಯಾಪಾರದ ಊರು. ಗದಗ, ಹಾವೇರಿ, ಉತ್ತರ ಕನ್ನಡದ ಅಂಗಡಿಕಾರರು ಬಟ್ಟೆ, ಪಾತ್ರೆ, ಕಿರಾಣಿ ಮಾಲಿಗೆ ಇಲ್ಲಿಗೇ ಬರುತ್ತಾರೆ. ಅಂಗಡಿಗಳಲ್ಲಿ ದುಡಿಯುವವರು ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ರಾತ್ರಿಯ ಬಸ್ಸಿಗೆ ಮರಳುತ್ತಾರೆ. ನಮ್ಮ ಮೇಲಿನ ಕೋಣೆಯ ಹುಡುಗರ ರೇಷನ್ ಕಾರ್ಡು, ಮತದಾರರ ಚೀಟಿ ಎಲ್ಲವೂ ನರಗುಂದದ ಕಡೆಯ ಹಳ್ಳಿಯಲ್ಲಿವೆ.

ಬ್ಯಾಹಟ್ಟಿಯಿಂದ ನಸುಕಿನಲ್ಲಿ ಸೊಪ್ಪು ಹೊತ್ತು ಬರುವ ಅಕ್ಕ ಒಬ್ಬರಿದ್ದಾರೆ. ಐದು ಗಂಟೆಗೆ ಬಂದು ಕೂತರೆ ಮಧ್ಯಾಹ್ನದ ತನಕ ಎದ್ದು ಹೋಗಲು ಅವರಿಗೆ ಜಾಗವಿಲ್ಲ. ನೀರು ಕುಡಿಯುವುದನ್ನೇ ಬಿಟ್ಟಿದ್ದರಂತೆ. ಕೆಲವು ವರ್ಷಗಳ ಹಿಂದೆ ಒಂದು ದಿನ ತೀರ ತಡೆಯಲಾರದೆ ನಮ್ಮ ಬಾಗಿಲಿಗೆ ಬಂದು, 'ಯವ್ವಾ, ಒಂದೀಟ ಸಂಡಾಸಕ್ಕ ಹೋಗಿ ಬರ್ಲ್ಯಾ?' ಎಂದು ಅವ್ವನನ್ನು ಕೇಳಿದರು. ಅವ್ವ ಒಳಗೆ ಕರೆದಳು, ಬರುವಾಗ ಚಹಾ ಕೊಟ್ಟಳು. ಮರುವಾರ ಅವರ ಪಕ್ಕದಲ್ಲಿ ಕೂರುವವರೂ ಬಂದರು. ಈಗ ದಿನಕ್ಕೆ ಐದಾರು ಹೆಂಗಸರು ಬರುತ್ತಾರೆ. ಬರುವಾಗ ಸೊಪ್ಪಿನ ಒಂದು ಕಟ್ಟು ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ನೀರಿಲ್ಲದ ವಾರದ ಕೊನೆಯಲ್ಲಿ ನನಗೆ ಒಳಗೊಳಗೇ ಕಷ್ಟವೆನಿಸಿದ್ದುಂಟು, ಆದರೆ ಬರಬೇಡಿ ಎಂದು ಯಾವ ಬಾಯಿಂದ ಹೇಳುವುದು? ಇಷ್ಟು ದೊಡ್ಡ ಪೇಟೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ನಸುಕಿನಲ್ಲಿ ಬಾಗಿಲು ತೆರೆದಿರುವ, ನೀರಿರುವ ಶೌಚಾಲಯ ಪ್ರತಿ ಸಂತೆಯ ಬಳಿ ಬೇಕು. ಅದನ್ನು ಹಗಲಿನ ಜನರ ಲೆಕ್ಕ ಹಿಡಿದು ಕಟ್ಟಬೇಕೇ ಹೊರತು ವಾರ್ಡಿನ ನಿವಾಸಿಗಳ ಲೆಕ್ಕ ಹಿಡಿದಲ್ಲ.

ಪೇಟೆಯ ಜನರನ್ನು ಹೊರವಲಯಕ್ಕೆ ಕಳಿಸಿ, ಹಳೆಯ ಮನೆಗಳನ್ನು ಕೆಡವಿ ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೆಡವಿದ ಜಾಗದಲ್ಲಿ ಬರುವುದು ಅಂಗಡಿ ಸಂಕೀರ್ಣ, ಅದರಿಂದ ಹಗಲಿನ ಹೊರೆ ಹೆಚ್ಚುತ್ತದೆ, ರಾತ್ರಿ ಅಲ್ಲಿ ದೀಪ ಹಚ್ಚುವವರು ಇಲ್ಲವಾಗುತ್ತಾರೆ. ಹೋಗಬೇಕಾದದ್ದು ಮನೆಗಳಲ್ಲ, ಮನೆಗಳ ನಡುವೆ ಸೇರಿಕೊಂಡ ಗೋದಾಮುಗಳು. ಅಮರಗೋಳದಲ್ಲಿ ಎಪಿಎಂಸಿಯ ವಿಶಾಲ ಪ್ರಾಂಗಣವಿದೆ. ಭಾರಿ ಮಾಲಿನ ದಾಸ್ತಾನು ಅಂಥ ಕಡೆ ಇರಲಿ. ಓಣಿಗಳಲ್ಲಿ ಮಾಲು ಇಳಿಸುವುದಕ್ಕೆ ಬೆಳಗಿನ ಹೊತ್ತು ನಿಗದಿಯಾಗಲಿ. ವಾಹನವನ್ನು ಓಣಿಯ ಒಂದೇ ಬದಿಗೆ ನಿಲ್ಲಿಸುವ ನಿಯಮ ಬಂದರೆ ನಾವು ಮೊದಲು ಪಾಲಿಸಬೇಕು. ನಮ್ಮ ಮೆಟ್ಟಿಲನ್ನು ಒಳಗೆ ತೆಗೆದುಕೊಳ್ಳುವ ಬಗ್ಗೆ ಮೇಸ್ತ್ರಿಯನ್ನು ಕರೆಸಿ ತೋರಿಸಿದ್ದೇನೆ.

ಈ ಮಾತುಗಳನ್ನು ಈಗಲೇ ಆಡುವುದಕ್ಕೆ ಕಾರಣವಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ನಡೆಯಲಿಲ್ಲ. ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಎಣಿಕೆ ನಿಗದಿಯಾಗಿದೆ. ಅದಕ್ಕೆ ಮೊದಲಿನ ಹಂತ ಮನೆಪಟ್ಟಿ. ಕೋಣೆಗಳೆಷ್ಟು, ವಿವಾಹಿತ ದಂಪತಿಗಳೆಷ್ಟು, ನೀರಿನ ಮೂಲ ಯಾವುದು, ಅಡುಗೆಮನೆ ಬೇರೆ ಇದೆಯೇ ಎಂಬ ಪ್ರಶ್ನೆಗಳು ಆ ಪಟ್ಟಿಯಲ್ಲಿ ಇರುವಂಥವು. ಹುಬ್ಬಳ್ಳಿ-ಧಾರವಾಡದ ವಾರ್ಡುಗಳು 67ರಿಂದ 82 ಆಗಿವೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಎರಡು ಊರುಗಳೂ ಮುಂದಿನ ಯೋಜನೆಗಳನ್ನು ಬರೆಯುವಾಗ ಕೈಯಲ್ಲಿರುವುದು ಈ ಅಂಕಿಗಳೇ. ಅವನ್ನು ನೋಡುವವರು ಒಟ್ಟು ಜನಸಂಖ್ಯೆಯ ಸಾಲಿನಲ್ಲೇ ನಿಂತುಬಿಟ್ಟರೆ, ಒಳಪೇಟೆಯ ವಾರ್ಡುಗಳಲ್ಲಿ ಜನ ಹೆಚ್ಚಿಲ್ಲ, ಆದ್ದರಿಂದ ಹೊಸ ಕೊಳವೆಯೂ ಬೇಡ, ಹೊಸ ಶೌಚಾಲಯವೂ ಬೇಡ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಹುಬ್ಬಳ್ಳಿಯ ಘಂಟಿಕೇರಿಗೆ ಹೇಗೋ ಧಾರವಾಡದ ಕಾಮನಕಟ್ಟಿಗೂ ಹಾಗೆಯೇ.

ಆದ್ದರಿಂದ ಓಣಿಯ ನಾಲ್ಕಾರು ಮಂದಿ ಸೇರಿ ಒಂದು ನೋಟ್‌ಬುಕ್ ಮಾಡಿದ್ದೇವೆ. ಬರುವ ರವಿವಾರದಿಂದ ಮನೆಮನೆಗೆ ಹೋಗಿ ಬರೆದುಕೊಂಡು, ವಾರ್ಡಿನ ಸದಸ್ಯರ ಕೈಗೆ ಕೊಡುತ್ತೇವೆ. ಮನೆಪಟ್ಟಿಗೆ ಬರುವವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿ ಎಂದೂ ಪ್ರತಿ ಮನೆಗೆ ಕೇಳಿಕೊಳ್ಳುತ್ತೇವೆ. ತೆರಿಗೆ ಹೆಚ್ಚಾದೀತೆಂಬ ಭಯಕ್ಕೆ ನಾಲ್ಕು ಮನೆಯನ್ನು ಒಂದೇ ಎಂದು ಬರೆಸುವ ರೂಢಿ ನಮ್ಮಲ್ಲಿದೆ. ಮೊದಲ ಪುಟದಲ್ಲಿ ನಮ್ಮ ಮನೆಯದನ್ನು ಬರೆದಿದ್ದೇನೆ: ಜನ ಹದಿನಾಲ್ಕು, ಒಲೆ ನಾಲ್ಕು, ನಳ ಮೂರು, ವಾಹನ ಏಳು, ಓಣಿಗೆ ಚಾಚಿದ ಮೆಟ್ಟಿಲು ಒಂದು. 'ಹಗಲು ಬರುವವರು' ಎಂಬ ಸಾಲಿನಲ್ಲಿ ಅವ್ವ ಬೆರಳು ಮಡಚಿ ಎಣಿಸಿ, ಸೊಪ್ಪಿನವರು ಆರು ಎಂದು ಬರೆಸಿದಳು.