ಪತ್ತನಾಜೆಯ ನಂತರದ ಮಾರಿಯೋ

ಕರಾವಳಿಯಲ್ಲಿ ಹಳೆ ಕಂಪ್ಯೂಟರ್, ಹಳೆ ವಿಡಿಯೋ ಗೇಮ್ ಸಾಕುವುದು ಸುಲಭದ ಕೆಲಸವಲ್ಲ. ಬೆಂಗಳೂರಿನ ಗೆಳೆಯರಿಗೆ ಇದನ್ನು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅವರು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಅಟ್ಟಕ್ಕೆ ಹಾಕಿ ಮರೆತುಬಿಡುತ್ತಾರೆ. ವರ್ಷಗಟ್ಟಲೆ ಕಳೆದ ಮೇಲೆ ತೆಗೆದು, ಧೂಳು ಕೊಡವಿ, ಸ್ವಿಚ್ ಹಾಕುತ್ತಾರೆ. ಓಡಿದರೂ ಓಡಿತು. ಮಂಗಳೂರಿನಲ್ಲಿ ಹಾಗೆ ಮರೆತರೆ ಪೆಟ್ಟಿಗೆಯೊಳಗೆ ಸಿಗುವುದು ಬೂಸ್ಟು, ತುಕ್ಕು, ಹಲ್ಲಿ ಮೊಟ್ಟೆ. ಮಳೆಗಾಲದಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಮ್ಮದು. ಮೂವತ್ತು ವರ್ಷದ ಸರ್ಕ್ಯೂಟ್ ಬೋರ್ಡಿನ ಪಾಡು ಕೇಳುವುದೇ ಬೇಡ. ಸಾಲದ್ದಕ್ಕೆ ಕಡಲಿನ ಉಪ್ಪುಗಾಳಿ ಬೇರೆ.

ಹಾಗಾಗಿ ನಾನು ಯಕ್ಷಗಾನ ಮೇಳದವರ ಕ್ರಮವನ್ನೇ ಹಿಡಿದುಕೊಂಡಿದ್ದೇನೆ. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಪೆಟ್ಟಿಗೆ ಬಿಚ್ಚುವುದು. ಮೇ ಕೊನೆಗೆ, ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ನನ್ನದೂ ಗಂಟುಮೂಟೆ ಕಟ್ಟುವುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಅದರ ಮೇಲೆ ಒಂದು ಹಳೆ ಪಂಚೆ. ಅಸಲಿಗೆ ಏಪ್ರಿಲ್ ಅರ್ಧದಿಂದಲೇ ಆಟ ಕಷ್ಟ. ಸಂಜೆಯಾದರೆ ಮೋಡ ಕಟ್ಟುತ್ತದೆ. ಮೊದಲ ಗುಡುಗು ಕೇಳಿದ್ದೇ ತಡ, ಅಡುಗೆಮನೆಯಿಂದ ಅಮ್ಮನ ಸ್ವರ: "ವಯರ್ ಎಳೆದು ಹಾಕು ಮಾರಾಯ, ಮತ್ತೆ ಟಿವಿ ಹೋದರೆ ನಾನಿಲ್ಲ." ಸಿಡಿಲಿಗೆ ಟಿವಿ ಸುಟ್ಟುಹೋಗದ ಮನೆ ನಮ್ಮ ಕಡೆ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ಮಳೆಗಾಲಕ್ಕೆ ಎಂತ? ಮೇಳ ನಿಂತರೂ ಚಿಕ್ಕಮೇಳ ಮನೆಮನೆಗೆ ಬರುತ್ತದಲ್ಲ, ಎಮ್ಯುಲೇಟರ್, ಅಂದರೆ ಹಳೆ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಂ, ನನಗೆ ಹಾಗೆ. ರಂಗಸ್ಥಳ ಬೇಡ, ಜನರೇಟರ್ ಬೇಡ, ಚಾವಡಿಯಲ್ಲಿ ಇದ್ದಷ್ಟು ಜಾಗದಲ್ಲಿ ಒಂದು ಪ್ರಸಂಗದ ತುಂಡು ಆಡಿ ಮುಗಿಸಬಹುದು. ಲ್ಯಾಪ್‌ಟಾಪ್ ಒಂದಿದ್ದರೆ ಸಾಕು. ಕರೆಂಟ್ ಹೋದರೂ ಬ್ಯಾಟರಿ ಇದೆ.

ನನ್ನ ದೊಡ್ಡಮೇಳದ ಹಿರಿಯ ವೇಷಧಾರಿ ಎಂದರೆ ಬೊಂಬಾಯಿ ಮಾವ ತಂದ ವಿಡಿಯೋ ಗೇಮ್. ತೊಂಬತ್ತರ ದಶಕದಲ್ಲಿ ಕರಾವಳಿಗೆ ಹೊಸ ಸಾಮಾನು ಬರುತ್ತಿದ್ದದ್ದು ಎರಡೇ ದಾರಿಯಲ್ಲಿ. ಒಂದು ಬೊಂಬಾಯಿಯ ಹೋಟೆಲು, ಆಫೀಸುಗಳಿಂದ ಮೇ ತಿಂಗಳ ರಜೆಗೆ ಬರುವ ನೆಂಟರು. ಇನ್ನೊಂದು ಗಲ್ಫಿನಿಂದ ಬರುವವರ ಹಗ್ಗ ಬಿಗಿದ ಪೆಟ್ಟಿಗೆಗಳು. ಮಾವ ತಂದದ್ದರ ಮೇಲೆ ದೊಡ್ಡ ಹೆಸರೇನೂ ಇರಲಿಲ್ಲ. ಅದು ಜಪಾನಿನ ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್‌ನ ನಕಲು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಸಲಿ ಫ್ಯಾಮಿಕಾಮ್ ಬಂದದ್ದು 1983ರ ಜುಲೈಯಲ್ಲಿ. ನಮ್ಮ ದೇಶದಲ್ಲಿ ಹೆಚ್ಚಿನವರು ಕಂಡದ್ದು ಅದರ ನಕಲುಗಳನ್ನೇ. ಆಟದ ಕಾರ್ಟ್ರಿಜ್‌ಗೆ ನಾವು ಕ್ಯಾಸೆಟ್ ಎನ್ನುತ್ತಿದ್ದೆವು. ಅದರ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಎಣಿಸಿದರೆ ಬೆರಳೆಣಿಕೆಯ ಆಟಗಳು. ಅವನ್ನೇ ಎರಡನೇ ಲೆವೆಲ್‌ನಿಂದ ಒಮ್ಮೆ, ಐದನೆಯದರಿಂದ ಒಮ್ಮೆ ಶುರು ಮಾಡಿ ಪಟ್ಟಿ ಉದ್ದ ಮಾಡಿದ್ದರು. ಮೋಸ ಎಂದು ಯಾರಿಗೂ ಸಿಟ್ಟು ಬರಲಿಲ್ಲ. ಮಾರಿಯೋ ಉಂಟಲ್ಲ, ಕಾಂಟ್ರಾ ಉಂಟಲ್ಲ, ಟ್ಯಾಂಕ್ ಉಂಟಲ್ಲ, ಸಾಕು.

ಕಳೆದ ದೀಪಾವಳಿಗೆ ಅದರ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಹೊರಗೆ ಅಷ್ಟು ದೊಡ್ಡ ಡಬ್ಬ, ಒಳಗೆ ಮುಕ್ಕಾಲು ಪಾಲು ಖಾಲಿ! ಅಂಗೈಯಗಲದ ಬೋರ್ಡು. ಅದರ ನಡುವೆ ಕಾಸಗಲದ ಕಪ್ಪು ಬೊಟ್ಟು. ಅಸಲಿ ಯಂತ್ರದಲ್ಲಿ ಲೆಕ್ಕ ಮಾಡುವ ಚಿಪ್ಪು, ಚಿತ್ರ ಬಿಡಿಸುವ ಚಿಪ್ಪು ಬೇರೆ ಬೇರೆ ಇರುತ್ತವೆ. ನಕಲು ಮಾಡಿದವರು ಆ ಎಲ್ಲವನ್ನೂ ಒಂದೇ ಚೂರಿನಲ್ಲಿ ಕೂರಿಸಿ, ಮೇಲೆ ಕಪ್ಪು ಎಪಾಕ್ಸಿ ಹನಿಸಿಬಿಟ್ಟಿದ್ದಾರೆ. ಮೂಲ ಫ್ಯಾಮಿಕಾಮ್‌ನ ಕೆಲಸದ ಮೆಮೊರಿ ಬರೀ 2 ಕೆಬಿ. ಇಡೀ ಸೂಪರ್ ಮಾರಿಯೋ ಬ್ರದರ್ಸ್ ಆಟ 40 ಕೆಬಿ. ಈಗ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಶುಭೋದಯದ ಗುಲಾಬಿ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಲೆವೆಲ್. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಹಾಕಿದ್ದಾರೆ. ಬಿಳಿ ಹಾಕಿದರೆ ಮೋಡ, ಹಸಿರು ಹಾಕಿದರೆ ಪೊದೆ. ಈಗಲೇ ಹೋಗಿ ನೋಡಿ.

ಕ್ಯಾಸೆಟ್ ಓಡದಿದ್ದರೆ ಉಫ್ ಎಂದು ಊದುವುದು ಆಗ ಊರಿಗೆಲ್ಲ ಗೊತ್ತಿದ್ದ ಮದ್ದು. ಅದರಿಂದ ಓಡಿದ್ದೂ ನಿಜ. ಆದರೆ ಕೆಲಸ ಮಾಡಿದ್ದು ಉಸಿರಲ್ಲ, ತೆಗೆದು ಮತ್ತೆ ಹಾಕಿದ್ದು. ಹಾಗೆ ಹಾಕುವಾಗ ಪಿನ್ನು ಸರಿಯಾಗಿ ತಾಗುತ್ತದೆ, ಅಷ್ಟೆ. ಬಾಯಿಯ ತೇವಕ್ಕೆ ಲೋಹ ಇನ್ನಷ್ಟು ಹಾಳಾಗುತ್ತದೆ. ಮೊದಲೇ ಗಾಳಿಯಲ್ಲಿ ನೀರು ತುಂಬಿದ ಊರು, ಮೇಲೆ ನಮ್ಮ ಉಗುಳು ಬೇರೆ ಯಾಕೆ? ಈಗ ನಾನು ಮೆಡಿಕಲ್ ಶಾಪಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತರುತ್ತೇನೆ. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ಪಿನ್ನುಗಳ ಸಾಲಿನ ಮೇಲೆ ಮೆಲ್ಲಗೆ ಉಜ್ಜುತ್ತೇನೆ. ಮೊದಲ ಕಡ್ಡಿ ಕಾಡಿಗೆ ಕಪ್ಪು. ಎರಡನೆಯದು ಬೂದು. ನಾಲ್ಕನೆಯದೋ ಐದನೆಯದೋ ಬೆಳ್ಳಗೆ ಬರುವ ಹೊತ್ತಿಗೆ ತಾಮ್ರದ ಪಟ್ಟಿಗಳು ಹೊಳೆಯತೊಡಗುತ್ತವೆ. ಆಟ ಆಡುವುದಕ್ಕಿಂತ ಈ ಕೆಲಸದ ಸುಖವೇ ಒಂದು ತೂಕ ಜಾಸ್ತಿ ಎಂದು ಎಷ್ಟೋ ಸಲ ಅನಿಸಿದೆ.

ಎರಡನೇ ವೇಷ ಗಲ್ಫಿನದು. ನೆರೆಮನೆಯವರು ಕುವೈತಿನಿಂದ ಬರುವಾಗ ತಂದ ಸಖರ್ ಕಂಪ್ಯೂಟರ್. ಮನೆ ಖಾಲಿ ಮಾಡುವಾಗ ಗುಜರಿಯವನಿಗೆ ಕೊಡಲಿದ್ದರು, ನಾನು ಬೇಡಿ ತಂದೆ. ಇದರ ಹಿನ್ನೆಲೆ ಚೆನ್ನಾಗಿದೆ. 1983ರಲ್ಲಿ ಎಂಎಸ್‌ಎಕ್ಸ್ ಎಂಬ ಮಾದರಿ ಬಂತು. ಯಾವ ಕಂಪನಿ ಮಾಡಿದರೂ ಕಂಪ್ಯೂಟರ್ ಒಂದೇ ಬಗೆಯದಿರಬೇಕು, ಒಂದಕ್ಕೆ ಮಾಡಿದ ಆಟ ಇನ್ನೊಂದರಲ್ಲೂ ಓಡಬೇಕು ಎನ್ನುವುದು ಲೆಕ್ಕ. ಅಮೆರಿಕದಲ್ಲಿ ಅದು ನಡೆಯಲಿಲ್ಲ, ಜಪಾನಿನಲ್ಲಿ ನಡೆಯಿತು. ಅರಬ್ ನಾಡುಗಳಿಗೆ ಕುವೈತಿನ ಅಲ್ ಆಲಮಿಯಾ ಕಂಪನಿ ಅದನ್ನು ಸಖರ್ ಎಂಬ ಹೆಸರಿನಲ್ಲಿ ತಂದಿತು. ಕೀಬೋರ್ಡಿನ ಒಂದೊಂದು ಗುಂಡಿಯ ಮೇಲೂ ಇಂಗ್ಲಿಷ್ ಜೊತೆ ಅರಬ್ಬಿ ಅಕ್ಷರ. ಕನ್ನಡ ಶಾಲೆಯ ನನಗೆ ಎರಡೂ ಅಷ್ಟಕ್ಕಷ್ಟೇ ಇದ್ದ ಕಾಲವೊಂದಿತ್ತು.

ಇದರಲ್ಲಿ ಆಟ ಬರುವುದು ಹಾಡು ಕೇಳುವ ಟೇಪಿನಿಂದ. ಟೇಪ್ ರೆಕಾರ್ಡರಿನಿಂದ ಒಂದು ವಯರ್, ಕಂಪ್ಯೂಟರಿಗೆ ಕೊಟ್ಟರೆ ಆಯಿತು. ಸೆಕೆಂಡಿಗೆ 1200 ಬಿಟ್ ಲೆಕ್ಕದಲ್ಲಿ ಕೀಂ, ಕರ್ರ್ ಎನ್ನುತ್ತಾ ಒಳಗೆ ಹೋಗುತ್ತದೆ. 32 ಕೆಬಿ ಆಟಕ್ಕೆ ಸುಮಾರು ಐದು ನಿಮಿಷ. ನಾಲ್ಕೂವರೆ ನಿಮಿಷಕ್ಕೆ ಒಂದು ಬಿಟ್ ತಪ್ಪಿತೋ, ಎರರ್ ಎಂದು ಬರೆದು ಸುಮ್ಮನಾಗುತ್ತದೆ. ಮತ್ತೆ ರಿವೈಂಡ್. ಈಗ ಟೇಪಿನ ಬದಲು ಮೊಬೈಲಿನಿಂದಲೇ ಆ ಸದ್ದು ಕೊಡಬಹುದು. ಆಟದ ಸದ್ದನ್ನು ಹಾಡಿನ ಫೈಲಿನ ಹಾಗೆ ಇಟ್ಟುಕೊಂಡಿರುತ್ತಾರೆ, ಪ್ಲೇ ಒತ್ತಿದರೆ ಕಂಪ್ಯೂಟರಿಗೆ ಭೇದ ಗೊತ್ತಾಗುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಡುವುದೊಂದು ಕಡ್ಡಾಯ. ಇಲ್ಲವಾದರೆ ನಡುವೆ ಯಾರದೋ ಮೆಸೇಜು ಟಿಂಗ್ ಎನ್ನುತ್ತದೆ. ನಲವತ್ತು ವರ್ಷದ ಮುದಿ ಯಂತ್ರ ಅದನ್ನೂ ಆಟದ ಭಾಗ ಎಂದೇ ನಂಬಿ ಓದಲು ಹೋಗಿ ಮುಗ್ಗರಿಸುತ್ತದೆ.

ಇಷ್ಟೆಲ್ಲ ಪಾಡು ಯಾಕೆ, ಎಮ್ಯುಲೇಟರಿನಲ್ಲಿ ಒಂದು ಕ್ಲಿಕ್ಕಿಗೆ ಬರುತ್ತದಲ್ವಾ ಎಂದು ಕೇಳುವವರಿದ್ದಾರೆ. ಬರುತ್ತದೆ. ಬಂದೂಕಿನ ಆಟ ಒಂದು ಬಿಟ್ಟು. ಡಕ್ ಹಂಟ್ ನೆನಪಿದೆಯಲ್ಲ, ಟಿವಿಯೊಳಗಿನ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವುದು? ಬಂದೂಕಿನಿಂದ ಏನೋ ಕಿರಣ ಹೊರಡುತ್ತದೆ ಎಂದೇ ಊರಿನ ಮಕ್ಕಳೆಲ್ಲ ನಂಬಿದ್ದರು. ನಡೆಯುವುದು ಉಲ್ಟಾ. ಬಂದೂಕು ಏನೂ ಬಿಡುವುದಿಲ್ಲ, ನೋಡುತ್ತದೆ. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಚಣ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿನುಗುತ್ತದೆ. ನಳಿಕೆಯೊಳಗಿನ ಬೆಳಕಿನ ಕಣ್ಣಿಗೆ ಮೊದಲು ಕತ್ತಲು, ಕೂಡಲೇ ಬೆಳಕು ಕಂಡರೆ ಗುರಿ ತಾಗಿತು ಎಂದು ಲೆಕ್ಕ. ಈ ಕ್ಷಣದ ಲೆಕ್ಕಾಚಾರ ನಡೆಯುವುದು ಪಿಕ್ಚರ್ ಟ್ಯೂಬ್ ಇರುವ ಟಿವಿಯಲ್ಲಿ ಮಾತ್ರ. ಈಗಿನ ತೆಳು ಟಿವಿ ಚಿತ್ರವನ್ನು ಸ್ವಲ್ಪ ತಡಮಾಡಿ ತೋರಿಸುತ್ತದೆ. ಆ ಸ್ವಲ್ಪದಲ್ಲೇ ಬಾತುಕೋಳಿ ಬಚಾವ್. ಇದೊಂದಕ್ಕಾಗಿ ನಮ್ಮ ಮನೆಯಲ್ಲಿ 21 ಇಂಚಿನ ಹಳೆ ಟಿವಿ ಇನ್ನೂ ಮೂಲೆ ಹಿಡಿದು ಕೂತಿದೆ. ಗುಜರಿಯವನು ಗೇಟಿನ ಹತ್ತಿರ ಬಂದಾಗೆಲ್ಲ ಅಮ್ಮ ಅದನ್ನೂ ನನ್ನನ್ನೂ ಒಟ್ಟಿಗೆ ನೋಡುತ್ತಾರೆ.

ಇಷ್ಟು ಹೇಳಿದೆ ಎಂದು ನನಗೆ ಎಮ್ಯುಲೇಟರ್ ಕಂಡರೆ ತಾತ್ಸಾರ ಎಂದುಕೊಳ್ಳಬೇಡಿ. ಚಿಕ್ಕಮೇಳದವರಿಗೂ ವಿದ್ಯೆ ಬೇಕು. ಹಳೆ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಂ ಬರೆಯುವವರ ಕಷ್ಟ ಎಂತದ್ದು ಗೊತ್ತುಂಟಾ? ಯಂತ್ರದ ಗುಣವನ್ನು ನಕಲು ಮಾಡುವುದು ಸುಲಭ. ದೋಷವನ್ನು ನಕಲು ಮಾಡುವುದೇ ಕಷ್ಟ.

ಫ್ಯಾಮಿಕಾಮ್ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಓಡಾಡುವ ಬೊಂಬೆಗಳನ್ನು ತೋರಿಸಲಾರದು. ಒಂಬತ್ತನೆಯದು ಮಾಯ. ಹಾಗಾಗಿ ಆಟ ಬರೆದವರು ಸರದಿ ಮೇಲೆ ಒಮ್ಮೆ ಇದನ್ನು, ಒಮ್ಮೆ ಅದನ್ನು ತೋರಿಸುತ್ತಿದ್ದರು. ವೈರಿಗಳು ಜಾಸ್ತಿಯಾದಾಗ ಮಿಣಮಿಣ ಎನ್ನುವುದು ಅದಕ್ಕೇ. ಎಮ್ಯುಲೇಟರಿನಲ್ಲಿ ಈ ಮಿತಿ ಬೇಡವೆಂದರೆ ತೆಗೆದುಹಾಕಬಹುದು. ಆದರೆ ಕೆಲವು ಆಟಗಳು ಬೊಂಬೆಯನ್ನು ಮರೆಮಾಡಲು ಈ ಮಿತಿಯನ್ನೇ ಬಳಸಿಕೊಂಡಿವೆ. ಮಿತಿ ತೆಗೆದರೆ ಅಡಗಬೇಕಾದದ್ದು ಎದುರೇ ಬಂದು ನಿಲ್ಲುತ್ತದೆ!

ಇದಕ್ಕಿಂತ ಸೊಗಸಾದದ್ದು 1978ರ ಸ್ಪೇಸ್ ಇನ್‌ವೇಡರ್ಸ್. ಜಪಾನಿನ ಟೊಮೊಹಿರೊ ನಿಶಿಕಾಡೊ ಮಾಡಿದ್ದು. ಅನ್ಯಲೋಕದವರು ಸಾಲುಗಟ್ಟಿ ಇಳಿಯುತ್ತಾರೆ, ನಾವು ಒಬ್ಬೊಬ್ಬರನ್ನೇ ಹೊಡೆಯಬೇಕು. ಹೊಡೆದ ಹಾಗೆ ಉಳಿದವರ ವೇಗ ಹೆಚ್ಚುತ್ತದೆ. ಕೊನೆಯವನಂತೂ ಹುಚ್ಚು ಓಟ. ಆಟಗಾರನ ಎದೆ ಬಡಿತ ಏರಿಸಲು ಮಾಡಿದ ಉಪಾಯ ಎಂದು ಯಾರಿಗಾದರೂ ಅನಿಸಬೇಕು. ನಿಜ ಸಂಗತಿ, ಅಷ್ಟು ಜನರನ್ನು ಒಟ್ಟಿಗೆ ಬಿಡಿಸಲು ಆ ಪ್ರೊಸೆಸರಿಗೆ ತ್ರಾಣವಿರಲಿಲ್ಲ. ಸಾಯುವವರು ಸತ್ತ ಹಾಗೆ ಹೊರೆ ಇಳಿಯಿತು, ಓಟ ಜೋರಾಯಿತು. ನಿಶಿಕಾಡೊ ಅದನ್ನು ಹಾಗೆಯೇ ಬಿಟ್ಟರು. ಎಮ್ಯುಲೇಟರ್ ಬರೆಯುವವನು ಈಗಿನ ಕಂಪ್ಯೂಟರಿನ ಶಕ್ತಿಯನ್ನೆಲ್ಲ ತೋರಿಸಲು ಹೋದರೆ ಆಟವೇ ಸತ್ತಿತು. ಆ ಸುಸ್ತನ್ನೂ ಸರಿಯಾಗಿ ನಟಿಸಬೇಕು.

ಸುಸ್ತು ನಟಿಸಲು ಎಷ್ಟು ಬಲ ಬೇಕು? ಸೂಪರ್ ನಿಂಟೆಂಡೋ ಯಂತ್ರದ ಪ್ರೊಸೆಸರಿನ ವೇಗ ಹೆಚ್ಚೆಂದರೆ 3.58 ಮೆಗಾಹರ್ಟ್ಸ್. ಅದರ ಹಾಗೆ ಚಾಚೂ ತಪ್ಪದೆ ನಡೆದುಕೊಳ್ಳಲು ಬಿಎಸ್‌ನೆಸ್ ಎಂಬ ಎಮ್ಯುಲೇಟರಿಗೆ ಸುಮಾರು 3 ಗಿಗಾಹರ್ಟ್ಸ್ ಕಂಪ್ಯೂಟರ್ ಬೇಕು ಎಂದು 2011ರಲ್ಲಿ ಅದನ್ನು ಬರೆದವರೇ ವಿವರಿಸಿದ್ದರು. ಅದೂ ಸಾಲದು ಎಂದು ಈಗ ಪಿಕ್ಚರ್ ಟ್ಯೂಬಿನ ಗೆರೆಗಳು, ಅಂಚಿನ ಮಸುಕು, ಬಣ್ಣ ಸೋರುವುದು, ಎಲ್ಲವನ್ನೂ ಹೊಸ ಪರದೆಯ ಮೇಲೆ ಬಿಡಿಸಿ ತೋರಿಸುವ ಶೇಡರ್‌ಗಳಿವೆ. ಆಂಟೆನಾ ತಿರುಗಿಸಿ ತಿರುಗಿಸಿ ಯಾವ ಮಸುಕನ್ನು ಹೋಗಲಾಡಿಸಲು ಅಪ್ಪ ಒದ್ದಾಡಿದರೋ, ಅದನ್ನೇ ಮಗ ಸೆಟ್ಟಿಂಗಿನಲ್ಲಿ ಹುಡುಕಿ ಆನ್ ಮಾಡುತ್ತಾನೆ. ನಾನು ಆನ್ ಮಾಡಿಯೇ ಆಡುವವ. ಆಟದ ಚಿತ್ರ ಬಿಡಿಸಿದವರು ಆ ಮಸುಕನ್ನು ನಂಬಿಯೇ ಬಿಡಿಸಿದ್ದು. ಚೊಕ್ಕ ಪರದೆಯಲ್ಲಿ ಬರೀ ಚೌಕಗಳು ಎದ್ದು ಕಾಣುತ್ತವೆ, ಮುಖ ಕಾಣುವುದಿಲ್ಲ.

ಎಮ್ಯುಲೇಟರಿನಲ್ಲಿ ನನಗೆ ಆಗದ್ದು ಒಂದೇ, ರಿವೈಂಡ್. ಕಳೆದ ಆಟಿ ತಿಂಗಳಲ್ಲಿ ಅಕ್ಕನ ಮಗ ಉಡುಪಿಯಿಂದ ಬಂದಿದ್ದ. ಮಳೆಗೆ ಶಾಲೆಗೆ ರಜೆ. ಮಾರಿಯೋ ಹಾಕಿಕೊಟ್ಟೆ. ಮಾರಿಯೋ ಹೊಂಡಕ್ಕೆ ಬಿದ್ದ. ಹುಡುಗ ಒಂದು ಗುಂಡಿ ಒತ್ತಿ ಹಿಡಿದ. ಮಾರಿಯೋ ಹೊಂಡದಿಂದ ಹಿಮ್ಮುಖವಾಗಿ ಹಾರಿ ಬಂದು ದಂಡೆಯ ಮೇಲೆ ನಿಂತ. ಮತ್ತೆ ಬಿದ್ದ, ಮತ್ತೆ ಎದ್ದ. ಸಾವೇ ಇಲ್ಲದ ಮೇಲೆ ಅದೆಂಥ ಆಟ? "ಹಾಗೆ ಆಡುವುದಲ್ಲ ಪುಟ್ಟ. ಮೂರು ಲೈಫ್ ಉಂಟು, ಮುಗಿದರೆ ಮೊದಲಿಂದ ಆಡಬೇಕು" ಎಂದೆ.

"ಯಾಕೆ ಮಾವ?"

ಉತ್ತರ ಹುಡುಕುತ್ತಿದ್ದಾಗ ಗೋಳಿಬಜೆ ತಟ್ಟೆ ಹಿಡಿದುಕೊಂಡು ಬಂದ ಅಕ್ಕ ಬಾಯಿ ಹಾಕಿದಳು. "ನೀನು ಮೂವತ್ತು ಲೈಫ್ ಹಾಕಿಕೊಂಡು ಕಾಂಟ್ರಾ ಆಡಿದವ ಅಲ್ವಾ? ಈಗ ಮಗುವಿಗೆ ಎಂತ ಹೇಳುವುದು?"

ಅವಳು ಹೇಳಿದ್ದು ಕೊನಾಮಿ ಕೋಡ್ ವಿಷಯ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಶುರುವಿನಲ್ಲಿ ಇಷ್ಟು ಒತ್ತಿದರೆ ಮೂರರ ಬದಲು ಮೂವತ್ತು ಜೀವ. ಇದನ್ನು ಮೊದಲು ಮಾಡಿದ್ದು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೋಟೊ, 1986ರಲ್ಲಿ ಗ್ರೇಡಿಯಸ್ ಎಂಬ ಆಟಕ್ಕೆ. ತಾನೇ ತಯಾರು ಮಾಡುತ್ತಿದ್ದ ಆಟ ಪರೀಕ್ಷಿಸಲು ಹೋದರೆ ತನಗೇ ಕಷ್ಟವಾಯಿತಂತೆ, ಅದಕ್ಕೆ ಕಳ್ಳದಾರಿ ಇಟ್ಟುಕೊಂಡರು. ಅದು ಇಲ್ಲಿಯವರೆಗೂ ಬಾಯಿಂದ ಬಾಯಿಗೆ ಬಂದು ತಲುಪಿತ್ತು. ನನಗೆ ಹೇಳಿಕೊಟ್ಟವಳೂ ಇದೇ ಅಕ್ಕ.

"ಅದು ಬೇರೆ" ಎಂದೆ.

"ಹೇಗೆ ಬೇರೆ?"

"ಅದು ಆಟದ ಒಳಗೇ ಇದ್ದದ್ದು. ಇದು ಹೊರಗಿನದ್ದು."

"ಅಂದರೆ ಮೂವತ್ತು ಸಲ ಸತ್ತರೆ ಅಡ್ಡಿಯಿಲ್ಲ, ಸಾಯದಿದ್ದರೆ ತಪ್ಪು?"

ಹುಡುಗ ಅಷ್ಟರಲ್ಲಿ ಮೊದಲ ಲೋಕ ಮುಗಿಸಿ ಎರಡನೆಯದಕ್ಕೆ ಹೋಗಿ ಆಗಿತ್ತು. ನಾನು ಆ ಪ್ರಾಯದಲ್ಲಿ ಅಲ್ಲಿಗೆ ಮುಟ್ಟಲು ಇಡೀ ಮೇ ತಿಂಗಳು ಬೇಕಾಗಿತ್ತು. ಜಗಲಿಯಲ್ಲಿ ಹಾಕಿದ್ದ ಬಟ್ಟೆಗೆ ಇರಿಚಲು ಹೊಡೆಯುತ್ತಿದೆ ಎಂದು ಹೇಳಿ ಎದ್ದುಹೋದೆ.