ಡನ್ನಿಂಗ್ ಸೋಮರ್‌ಸೆಟ್ ಪರ ವಾದಿಸಿದ್ದಲ್ಲ
ಜಾನ್ ಡನ್ನಿಂಗ್ ಅನ್ನೋ ಇಂಗ್ಲಿಷ್ ವಕೀಲ 1772ರಲ್ಲಿ ಗುಲಾಮ ಜೇಮ್ಸ್ ಸೋಮರ್‌ಸೆಟ್‌ನ ಪರ ವಾದ ಮಾಡಿ ಬಿಡಿಸಿದ ಅಂತ ಒಂದು ಪೋಸ್ಟ್ ಓಡಾಡ್ತಿದೆ, ಅದು ಪೂರ್ತಿ ಉಲ್ಟಾ. ಆತ ನಿಂತಿದ್ದು ಯಜಮಾನ ಚಾರ್ಲ್ಸ್ ಸ್ಟೂವರ್ಟ್ ಕಡೆ. ಸೋಮರ್‌ಸೆಟ್ ಪರ ವಾದಿಸಿದವ್ರಲ್ಲಿ ಫ್ರಾನ್ಸಿಸ್ ಹಾರ್‌ಗ್ರೇವ್ ಒಬ್ರು, ಆ ಹೆಸರನ್ನ ಯಾರೂ ಹೇಳಲ್ಲ ಅನ್ನೋದೇ ಬೇಜಾರು. ತೀರ್ಪು ಕೊಟ್ಟಿದ್ದು ಲಾರ್ಡ್ ಮ್ಯಾನ್ಸ್‌ಫೀಲ್ಡ್, ಸೋಮರ್‌ಸೆಟ್ ಬಿಡುಗಡೆ ಆದ, ಆದ್ರೆ ಗುಲಾಮಗಿರಿ ಅಲ್ಲಿಗೇ ಮುಗೀಲಿಲ್ಲ, ವಸಾಹತುಗಳಲ್ಲಿ ಅದನ್ನ ತೆಗೆಯೋ ಕಾಯ್ದೆ ಬಂದಿದ್ದು 1833ರಲ್ಲಿ.

ಡನ್ನಿಂಗ್‌ಗೆ ಸಲ್ಲಬೇಕಾದ ಹೆಸರು ಬೇರೆ ಕಡೆ ಇದೆ. 1780ರ ಏಪ್ರಿಲ್ 6ಕ್ಕೆ ಪಾರ್ಲಿಮೆಂಟಲ್ಲಿ ರಾಜನ ಪ್ರಭಾವ ಜಾಸ್ತಿ ಆಗಿದೆ, ಇನ್ನೂ ಆಗ್ತಿದೆ, ಕಡಿಮೆ ಆಗ್ಲೇಬೇಕು ಅಂತ ನಿರ್ಣಯ ತಂದು 233ಕ್ಕೆ 215 ಮತದಲ್ಲಿ ಗೆದ್ದ. ಮೂರನೇ ಜಾರ್ಜ್ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಪೋಸ್ಟ್ ಹಾಕಿರೋರು ದಯವಿಟ್ಟು ತಿದ್ದಿ.